ನಿಂತುಹೋದ ಯೆಜ್ಡಿ: ಬಣ್ಣಕ್ಕೆ ಮೊದಲು ಎಂಜಿನ್

ಹಳೆ ಯೆಜ್ಡಿ ಬೈಕೋ ಜಾವಾನೋ ಮನೆಗೆ ಬಂದ ತಕ್ಷಣ ಕೈ ತುರಿಸುತ್ತದೆ. ಸ್ಪ್ಯಾನರ್ ಹಿಡಿದು ಎಲ್ಲ ಬಿಚ್ಚಿಬಿಡೋಣ, ಟ್ಯಾಂಕು, ಮಡ್‌ಗಾರ್ಡು ಪೇಂಟಿಗೆ ಕೊಡೋಣ ಅನ್ನಿಸುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಪೂರ್ತಿ ಬಿಚ್ಚಿದ ಗಾಡಿ ಗೋಣಿಚೀಲ ಸೇರಿ, ಚೀಲ ಅಟ್ಟ ಸೇರಿ, ಕೊನೆಗೆ ಗುಜರಿಗೆ ಹೋಗುವುದು ತೀರಾ ಸಾಮಾನ್ಯ. ಇನ್ನು ಕೆಲವರು ಹೊಳೆಯುವ ಬಣ್ಣ ಹೊಡೆಸಿ, ಎಲ್ಲ ಜೋಡಿಸಿ, ಸ್ಟಾರ್ಟ್ ಮಾಡಿದ ಮೇಲೆ ಕ್ರ್ಯಾಂಕ್ ಸೀಲ್ (ಎಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕ್ ಶಾಫ್ಟಿನ ಸುತ್ತ ಗಾಳಿ, ಆಯಿಲ್ ಸೋರದಂತೆ ತಡೆಯುವ ಉಂಗುರ) ಹೋಗಿದೆ ಅಂತ ತಿಳಿದುಕೊಳ್ಳುತ್ತಾರೆ. ಆಗ ಮತ್ತೆ ಎಂಜಿನ್ ಇಳಿಸಬೇಕು. ಹೊಸ ಬಣ್ಣಕ್ಕೆ ಗೀರು ಬೀಳುವುದು ಖಂಡಿತ.

ನಾನು ಹೇಳುವ ಕ್ರಮ ಬೇರೆ. ಗಾಡಿ ಇದ್ದ ಹಾಗೇ ಇರಲಿ, ಮೊದಲು ಸ್ಟಾರ್ಟ್ ಮಾಡಿ. ಕೆಮ್ಮಲಿ, ಹೊಗೆ ಬಿಡಲಿ, ಪರವಾಗಿಲ್ಲ. ಓಡುವ ಎಂಜಿನ್ ತನ್ನ ಕಾಯಿಲೆ ಏನು ಅಂತ ತಾನೇ ಹೇಳುತ್ತದೆ. ಬಿಚ್ಚಿಟ್ಟ ಎಂಜಿನ್ ಏನೂ ಹೇಳುವುದಿಲ್ಲ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರಲ್ಲಿ ಮುಚ್ಚುವವರೆಗೂ ಈ ಗಾಡಿಗಳನ್ನು ಮಾಡಿತು. ಮೊದಲು ಜಾವಾ ಹೆಸರು, 1970ರ ದಶಕದಲ್ಲಿ ಯೆಜ್ಡಿ. ನಮ್ಮ ಕಣ್ಣಿಗೆ ಬೀಳುವವುಗಳಲ್ಲಿ ಹೆಚ್ಚಿನವು 250 ಸಿಸಿ, ಟು ಸ್ಟ್ರೋಕ್, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಆಯಿಲ್‌ಕಿಂಗ್ ಮಾದರಿ ಬಿಟ್ಟರೆ ಆಯಿಲ್ ಪಂಪ್ ಕೂಡ ಇಲ್ಲ. ಮನೆಯಲ್ಲಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಎಂಜಿನ್ ಸಿಗುವುದು ಕಷ್ಟ.

ಮೊದಲು ಕಾಗದಪತ್ರ

ಗಾಡಿಗೆ ದುಡ್ಡು ಕೊಡುವ ಮೊದಲೇ ಆರ್‌ಸಿ ಕೈಯಲ್ಲಿ ಹಿಡಿದು ಎಂಜಿನ್ ನಂಬರ್, ಚಾಸಿ ನಂಬರ್ ಹೋಲಿಸಿ. ನಂಬರ್ ಮೇಲೆ ಬಣ್ಣವೋ ಗ್ರೀಸೋ ಕೂತಿದ್ದರೆ ಸೀಮೆಎಣ್ಣೆ, ಬಟ್ಟೆಯಲ್ಲಿ ಒರೆಸಿ. ಎಮೆರಿ ಹಾಕಿ ಉಜ್ಜಬೇಡಿ. ನಂಬರ್ ಸವೆದರೆ ಆರ್‌ಟಿಒ ಕಚೇರಿಯಲ್ಲಿ ಪೆನ್ಸಿಲ್ ಅಚ್ಚು ತೆಗೆಯುವಾಗ ತಾಪತ್ರಯ ಗ್ಯಾರಂಟಿ. ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಿಸಬೇಕು.

ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ಪ್ರತ್ಯೇಕ ವಿಂಟೇಜ್ ನೋಂದಣಿ ತಂದಿದೆ. ಅದರಲ್ಲಿ ಒಂದು ವಿಷಯ ಗಮನಿಸಿ. ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿ ಮುಂತಾದವಕ್ಕೆ ಮಾತ್ರ. ಭಾನುವಾರ ಬೆಳಿಗ್ಗೆ ಸುಮ್ನೆ ಒಂದು ಸುತ್ತು ಹೋಗಿಬರುವ ಆಸೆ ನಿಮ್ಮದಾದರೆ ಮಾಮೂಲಿ ಆರ್‌ಸಿಯನ್ನೇ ನವೀಕರಿಸಿಕೊಳ್ಳುವುದು ಒಳ್ಳೆಯದು.

ಜಾಗ ಮತ್ತು ಸಾಮಾನು

ಗಾಳಿ ಆಡುವ ಜಾಗ ಬೇಕು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಿದಾಡುತ್ತದೆ. ಗ್ಯಾರೇಜಿನಲ್ಲಿ ಗ್ಯಾಸ್ ಒಲೆ, ಗೀಸರ್, ಪೂಜೆಯ ದೀಪ ಯಾವುದೂ ಹತ್ತಿರ ಇರಬಾರದು. ಬೆಂಕಿ ನಂದಿಸುವ ಸಿಲಿಂಡರ್ ಒಂದು ಬಾಗಿಲ ಬಳಿ ಇರಲಿ.

ಬೇಕಾದ ಸಾಮಾನು: ರಿಂಗ್ ಸ್ಪ್ಯಾನರ್ ಸೆಟ್, ಸಾಕೆಟ್ ಸೆಟ್, ಸಣ್ಣ ಸಂದು ಅಳೆಯುವ ಫೀಲರ್ ಗೇಜ್, ಮಲ್ಟಿಮೀಟರ್, ವೈರ್ ಜೋಡಿಸಿದ ಸಣ್ಣ ಬಲ್ಬ್, ಸುತ್ತಿಗೆಯಲ್ಲಿ ಹೊಡೆದರೆ ತಿರುಗುವ ಇಂಪ್ಯಾಕ್ಟ್ ಡ್ರೈವರ್. ಈ ಕೊನೆಯದನ್ನು ಯಾರೂ ಮೊದಲು ಕೊಳ್ಳುವುದಿಲ್ಲ, ಆದರೆ ಕ್ರ್ಯಾಂಕ್‌ಕೇಸ್ ಕವರಿನ ಹಳೆ ಸ್ಕ್ರೂಗಳ ತಲೆ ಹಾಳಾಗದಂತೆ ಬಿಚ್ಚಲು ಅದೇ ಬೇಕು. ಇದರ ಜೊತೆಗೆ ನಿಮ್ಮ ಮಾದರಿಯ ಪಾರ್ಟ್ಸ್ ಪುಸ್ತಕ ಮತ್ತು ಸರ್ವಿಸ್ ಮ್ಯಾನುಯಲ್ ಹುಡುಕಿಕೊಳ್ಳಿ. ಜೆರಾಕ್ಸ್ ಪ್ರತಿಯಾದರೂ ಸಾಕು. ಹಳೆ ಎಂಜಿನ್ನಿನಲ್ಲಿ ಕೆಲವು ನಟ್‌ಗಳಿಗೆ ಉಲ್ಟಾ ಥ್ರೆಡ್ ಇರುತ್ತದೆ. ಬಲ ಹಾಕುವ ಮೊದಲು ನೋಡಿಕೊಂಡರೆ ಶಾಫ್ಟ್ ಉಳಿಯುತ್ತದೆ.

ಏನನ್ನೂ ಮುಟ್ಟುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಮುಖ್ಯವಾಗಿ ಹೆಡ್‌ಲೈಟ್ ಒಳಗಿನ ವೈರಿಂಗ್, ಕೇಬಲ್ ಹೋಗುವ ದಾರಿ, ವಾಷರ್‌ಗಳ ಕ್ರಮ. ಯಾವ ಬೋಲ್ಟ್ ಎಲ್ಲಿಯದು ಅಂತ ಬರೆದು ಸಣ್ಣ ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ.

ಎಂಜಿನ್ ತಿರುಗುತ್ತಾ?

ವರ್ಷಗಟ್ಟಲೆ ನಿಂತ ಗಾಡಿಗೆ ನೇರವಾಗಿ ಕಿಕ್ ಹೊಡೆಯಬಾರದು. ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ. ಕಿಕ್ ಲಿವರನ್ನು ಕೈಯಲ್ಲಿ ಮೆಲ್ಲಗೆ ಒತ್ತಿ. ಯೆಜ್ಡಿಯಲ್ಲಿ ಕಿಕ್ಕೂ ಗೇರೂ ಒಂದೇ ಲಿವರ್ ಅಲ್ವಾ, ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್, ಮುಂದಕ್ಕೆ ಬಂದರೆ ಗೇರ್. ಈ ಲಿವರಿನ ಹಲ್ಲು ಸವೆದಿರುವುದು ಸಾಮಾನ್ಯ. ಜಾಮ್ ಆದ ಎಂಜಿನ್ ಮೇಲೆ ಹತ್ತಿ ಕುಣಿದರೆ ಉಳಿದ ಹಲ್ಲೂ ಹೋಗುತ್ತದೆ.

ತಿರುಗದಿದ್ದರೆ ಪ್ಲಗ್ ತೂತಿನಿಂದ ತುಕ್ಕು ಬಿಡಿಸುವ ಎಣ್ಣೆ ಹಾಕಿ ಕೆಲವು ದಿನ ಬಿಡಿ. ಸಿಗದಿದ್ದರೆ ಡೀಸೆಲ್ ಜೊತೆ ಸ್ವಲ್ಪ ಆಯಿಲ್ ಬೆರೆಸಿ ಹಾಕಿ. ಆಮೇಲೆ ಟಾಪ್ ಗೇರಿಗೆ ಹಾಕಿ, ಹಿಂದಿನ ಚಕ್ರ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಕೂದಲೆಳೆಯಷ್ಟು ಕದಲಿದರೂ ಸಾಕು, ಮತ್ತೆ ಎಣ್ಣೆ ಹಾಕಿ ಮರುದಿನ ನೋಡಿ. ಅವಸರ ಬೇಡ. ಒಂದು ವಾರ ಕಳೆದರೂ ಬಿಡದಿದ್ದರೆ ಹೆಡ್ (ಸಿಲಿಂಡರಿನ ಮುಚ್ಚಳ) ತೆಗೆದು ಬೋರ್ (ಪಿಸ್ಟನ್ ಓಡಾಡುವ ಒಳಭಾಗ) ನೋಡಿ. ಟು ಸ್ಟ್ರೋಕಿನಲ್ಲಿ ಹೆಡ್ ತೆಗೆಯುವುದು ದೊಡ್ಡ ಕೆಲಸವೇನಲ್ಲ. ಬೋರಿನ ಗೋಡೆಯಲ್ಲಿ ತುಕ್ಕಿನ ಉಂಗುರ ಕಂಡರೆ, ಈ ಎಂಜಿನ್ ಹೇಗೂ ಬೋರಿಂಗಿಗೆ (ಆ ಗೋಡೆಯನ್ನು ಕೊರೆದು ನಯ ಮಾಡಿಸಲು) ಹೋಗಬೇಕು. ಸ್ಟಾರ್ಟ್ ಮಾಡುವ ಪ್ರಯತ್ನ ಅಲ್ಲಿಗೇ ಬಿಡಿ.

ತಿರುಗಿದರೆ, ಪ್ಲಗ್ ತೂತಿಗೆ ಸ್ವಲ್ಪ ಟು ಟಿ ಆಯಿಲ್ (ಟು ಸ್ಟ್ರೋಕ್ ಎಂಜಿನ್ನಿನ ಆಯಿಲ್) ಬಿಟ್ಟು, ಇಗ್ನಿಷನ್ ಆಫ್ ಇರುವಾಗಲೇ ಹತ್ತಾರು ಸಲ ಕಿಕ್ ಹೊಡೆಯಿರಿ. ಕ್ರ್ಯಾಂಕ್‌ಕೇಸಿನಲ್ಲಿ ಹಳೆ ಆಯಿಲ್ ಸೇರಿಕೊಂಡಿದ್ದರೆ ಅದು ಪ್ಲಗ್ ತೂತಿನಿಂದ ಚಿಮ್ಮುತ್ತದೆ, ಮುಖ ದೂರ ಇಡಿ.

ಕಿಡಿ ಬರುತ್ತಾ?

ಹೆಚ್ಚಿನ ಗಾಡಿಗಳು ನಿಲ್ಲುವುದು ಇಲ್ಲೇ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಹಳೆ ಜಾವಾ ಮತ್ತು ಮೊದಮೊದಲ ಯೆಜ್ಡಿಗಳಲ್ಲಿ 6 ವೋಲ್ಟ್ ಡೈನಮೊ, ಬ್ಯಾಟರಿ ಇಗ್ನಿಷನ್. ಅಂದರೆ ಬ್ಯಾಟರಿ ಸತ್ತರೆ ಕಿಡಿಯೂ ಇಲ್ಲ. ಎಷ್ಟು ಕಿಕ್ ಹೊಡೆದರೂ ಕಾಲು ನೋಯುವುದೇ ಬಂತು. ಆದ್ದರಿಂದ ಮೊದಲು ಬ್ಯಾಟರಿ. ಪೂರ್ತಿ ಚಾರ್ಜ್ ಆದ 6 ವೋಲ್ಟ್ ಬ್ಯಾಟರಿ ಮೀಟರಿನಲ್ಲಿ 6.3 ವೋಲ್ಟ್ ಆಸುಪಾಸು ತೋರಿಸಬೇಕು.

ಈಗ ಪ್ಲಗ್ಗಿಗೆ ಕ್ಯಾಪ್ ಹಾಕಿ, ಪ್ಲಗ್ ಮೈಯನ್ನು ಹೆಡ್ಡಿನ ಲೋಹಕ್ಕೆ ತಾಗಿಸಿ. ಪ್ಲಗ್ ತೂತಿನ ಹತ್ತಿರ ಹಿಡಿಯಬೇಡಿ, ಅಲ್ಲಿಂದ ಪೆಟ್ರೋಲ್ ಆವಿ ಬರುತ್ತದೆ. ಕಿಕ್ ಹೊಡೆದಾಗ ನೀಲಿ ಕಿಡಿ ಟಕ್ ಅಂತ ಸದ್ದಿನ ಜೊತೆ ಬರಬೇಕು. ಕೆಂಪಗೆ, ಸಣ್ಣಗೆ ಬಂದರೆ ಅದು ದುರ್ಬಲ ಕಿಡಿ.

ಕಿಡಿ ಇಲ್ಲದಿದ್ದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಬೇಡಿ. ಒಂದೊಂದನ್ನೇ ಬಿಟ್ಟು ನೋಡಿ. ಬ್ಯಾಟರಿಯಿಂದ ಇಗ್ನಿಷನ್ ಕಾಯಿಲಿಗೆ (ಕಿಡಿಗೆ ಬೇಕಾದ ಹೆಚ್ಚು ವೋಲ್ಟ್ ಮಾಡುವ ಸುರುಳಿ) ನೇರ ಒಂದು ವೈರ್ ಕೊಡಿ. ಬಲಗಡೆಯ ಕವರ್ ತೆಗೆದು ಪಾಯಿಂಟ್ (ಕಾಯಿಲಿನ ಕರೆಂಟ್ ಕೊಟ್ಟು ಕಡಿಯುವ ಸಣ್ಣ ಸ್ವಿಚ್) ಮುಚ್ಚಿರುವ ಸ್ಥಿತಿಗೆ ಕ್ರ್ಯಾಂಕ್ ತಿರುಗಿಸಿ. ಸಣ್ಣ ಸ್ಕ್ರೂಡ್ರೈವರಿನಿಂದ ಪಾಯಿಂಟನ್ನು ಬಿಡಿಸಿ, ಬಿಟ್ಟುಬಿಡಿ. ಬಿಡಿಸುವ ಪ್ರತಿ ಸಲವೂ ಪ್ಲಗ್ಗಿನಲ್ಲಿ ಕಿಡಿ ಹಾರಬೇಕು. ಈಗ ಕಿಡಿ ಬಂತು ಅಂದರೆ ಕಾಯಿಲ್ ಚೆನ್ನಾಗಿದೆ, ತೊಂದರೆ ಇರುವುದು ಇಗ್ನಿಷನ್ ಸ್ವಿಚ್ ಅಥವಾ ವೈರಿಂಗಿನಲ್ಲಿ. ಬರಲಿಲ್ಲ ಅಂದರೆ ಪಾಯಿಂಟ್, ಕಂಡೆನ್ಸರ್ (ಪಾಯಿಂಟ್ ಸುಡದಂತೆ ಕಾಯುವ ಸಣ್ಣ ಡಬ್ಬಿ), ಕಾಯಿಲ್ ಈ ಮೂರರಲ್ಲಿ ಒಂದು. ಪರೀಕ್ಷೆ ಮುಗಿದ ತಕ್ಷಣ ನೇರ ವೈರ್ ತೆಗೆದುಬಿಡಿ. ಪಾಯಿಂಟ್ ಮುಚ್ಚಿರುವಾಗ ಕರೆಂಟ್ ಹರಿಯುತ್ತಲೇ ಇದ್ದರೆ ಕಾಯಿಲ್ ಸುಡುತ್ತದೆ.

ಪಾಯಿಂಟಿನ ಮುಖವನ್ನು ಟಾರ್ಚ್ ಬಿಟ್ಟು ನೋಡಿ. ನಿಂತ ಗಾಡಿಯಲ್ಲಿ ಅದರ ಮೇಲೆ ಬೂದುಬಣ್ಣದ ಪೊರೆ ಕಟ್ಟಿರುತ್ತದೆ. ಕಣ್ಣಿಗೆ ಸ್ವಚ್ಛ ಅನ್ನಿಸಿದರೂ ಕರೆಂಟ್ ದಾಟುವುದಿಲ್ಲ. ಪಾಯಿಂಟ್ ಫೈಲ್ ಅಥವಾ ನಯವಾದ ಎಮೆರಿ ತುಂಡನ್ನು ಮಧ್ಯೆ ಇಟ್ಟು ಎರಡು ಸಲ ಎಳೆಯಿರಿ. ಆಮೇಲೆ ಬಿಳಿ ಕಾಗದ ಎಳೆಯಿರಿ, ಕಾಗದ ಕಪ್ಪಾಗದೆ ಹೊರಗೆ ಬರುವವರೆಗೆ. ಒಂದು ಮುಖದಲ್ಲಿ ಗುಳಿ, ಇನ್ನೊಂದರಲ್ಲಿ ಗುಡ್ಡ ಆಗಿದ್ದರೆ ಉಜ್ಜಿ ಪ್ರಯೋಜನವಿಲ್ಲ. ಪಾಯಿಂಟ್, ಕಂಡೆನ್ಸರ್ ಎರಡೂ ಹೊಸದು ಹಾಕಿ.

ಪೂರ್ತಿ ತೆರೆದಾಗ ಪಾಯಿಂಟ್ ಗ್ಯಾಪ್ 0.4 ಮಿ.ಮೀ., ಪ್ಲಗ್ ಗ್ಯಾಪ್ 0.6 ಮಿ.ಮೀ. ಇಟ್ಟರೆ ಶುರು ಮಾಡಲು ಸಾಕು. ಗ್ಯಾಪ್ ಬದಲಿಸಿದರೆ ಟೈಮಿಂಗ್ (ಕಿಡಿ ಹಾರುವ ಕ್ಷಣ) ಕೂಡ ಬದಲಾಗುತ್ತದೆ. ಹಾಗಾಗಿ ಯಾವಾಗಲೂ ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ.

ಟೈಮಿಂಗಿಗೆ ಬಲ್ಬನ್ನು ಬಳಸಿ. ಬಲ್ಬಿನ ಒಂದು ವೈರ್ ಪಾಯಿಂಟಿನ ಟರ್ಮಿನಲ್ಲಿಗೆ, ಇನ್ನೊಂದು ಎಂಜಿನ್ ಮೈಗೆ. ಇಗ್ನಿಷನ್ ಆನ್ ಮಾಡಿ. ಪಾಯಿಂಟ್ ಮುಚ್ಚಿದ್ದರೆ ಬಲ್ಬ್ ಆರಿರುತ್ತದೆ, ಬಿಟ್ಟುಕೊಂಡ ಕ್ಷಣ ಹೊತ್ತುತ್ತದೆ. ಪ್ಲಗ್ ತೂತಿನಲ್ಲಿ ಡಯಲ್ ಗೇಜ್ ಅಥವಾ ಡೆಪ್ತ್ ಗೇಜ್ ಇಳಿಸಿ ಪಿಸ್ಟನ್ ಪೂರ್ತಿ ಮೇಲೆ ಬರುವ ಜಾಗ ಗುರುತಿಸಿ. ಅಲ್ಲಿಂದ ಕ್ರ್ಯಾಂಕನ್ನು ಹಿಂದಕ್ಕೆ ತಿರುಗಿಸಿ, ಮ್ಯಾನುಯಲ್‌ನಲ್ಲಿ ಹೇಳಿದ ಅಳತೆಗಿಂತ ಸ್ವಲ್ಪ ಆಚೆ ಹೋಗಿ, ಮತ್ತೆ ಮುಂದಕ್ಕೆ ತನ್ನಿ. ಸರಿಯಾಗಿ ಆ ಅಳತೆಯಲ್ಲಿ ಬಲ್ಬ್ ಹೊತ್ತಬೇಕು. ಹೊತ್ತದಿದ್ದರೆ ಪಾಯಿಂಟ್ ಪ್ಲೇಟನ್ನು ಸರಿಸಿ. ಕಿವಿಯಲ್ಲಿ ಕೇಳಿ ಟೈಮಿಂಗ್ ಇಡುವ ಮೆಕ್ಯಾನಿಕ್‌ಗಳು ಇದ್ದಾರೆ. ಅವರ ಅನುಭವದ ಬಗ್ಗೆ ನನಗೆ ಗೌರವವಿದೆ. ಆದರೂ ಬೋರಿಂಗ್ ಖರ್ಚು ನೆನೆದರೆ ಬಲ್ಬಿನ ದಾರಿಯೇ ವಾಸಿ. ಟೈಮಿಂಗ್ ತೀರಾ ಅಡ್ವಾನ್ಸ್ ಆದರೆ, ಅಂದರೆ ಕಿಡಿ ತೀರಾ ಬೇಗ ಬಂದರೆ, ಪಿಸ್ಟನ್ ತಲೆಯೇ ಸುಡುತ್ತದೆ.

ಪೆಟ್ರೋಲ್ ಬರುತ್ತಾ?

ಹಳೆ ಟ್ಯಾಂಕನ್ನು ನಂಬಬೇಡಿ. ಮೊದಲ ಸ್ಟಾರ್ಟಿಗೆ ಟ್ಯಾಂಕ್ ಬದಲು ಸಣ್ಣ ಬಾಟಲಿಯಿಂದ ಪೈಪ್ ಹಾಕಿ ಪೆಟ್ರೋಲ್ ಕೊಡಿ. ಪೆಟ್ರೋಲ್ ತಡೆಯುವ ಬಾಟಲಿ ಆಗಿರಲಿ. ತುಕ್ಕಿನ ಟ್ಯಾಂಕಿನಿಂದ ಒಂದು ಹನಿ ಬಂದರೂ ತೊಳೆದ ಜೆಟ್ (ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ಹಿತ್ತಾಳೆ ತುಂಡು) ಮತ್ತೆ ಕಟ್ಟಿಕೊಳ್ಳುತ್ತದೆ.

ಕಾರ್ಬೊರೇಟರ್ ಪೂರ್ತಿ ಬಿಚ್ಚಿ ಕಾರ್ಬ್ ಕ್ಲೀನರಿನಲ್ಲಿ ತೊಳೆಯಿರಿ. ಪೈಲಟ್ ಜೆಟ್ಟನ್ನು ಬೆಳಕಿಗೆ ಹಿಡಿಯಿರಿ. ನಡುವೆ ಸೂಜಿಮೊನೆಯಷ್ಟು ದುಂಡಗಿನ ಬೆಳಕು ಕಾಣಬೇಕು. ದುಂಡಗೆ ಕಾಣದೆ ಅಂಕುಡೊಂಕಾಗಿ ಕಂಡರೆ ಹಳೆ ಪೆಟ್ರೋಲಿನ ಅಂಟು ಇನ್ನೂ ಇದೆ. ತಂತಿ ತುರುಕಬೇಡಿ, ಹಿತ್ತಾಳೆ ಮೆದು, ತೂತು ದೊಡ್ಡದಾಗುತ್ತದೆ. ನೆನೆಸಿಟ್ಟು ಗಾಳಿ ಊದಿ. ಹಿತ್ತಾಳೆ ಫ್ಲೋಟ್ ಇದ್ದರೆ ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಸದ್ದು ಕೇಳಿದರೆ ಅದು ತೂತಾಗಿದೆ. ಬಿಸಿನೀರಿನಲ್ಲಿ ಮುಳುಗಿಸಿದರೆ ಗುಳ್ಳೆ ಬರುವ ಜಾಗ ಕಾಣುತ್ತದೆ.

ಎಷ್ಟೋ ಜನ ಮರೆಯುವ ಒಂದು ಜಾಗ ಕಾರ್ಬೊರೇಟರಿನ ಫ್ಲ್ಯಾಂಜ್, ಅಂದರೆ ಎಂಜಿನ್ನಿಗೆ ಕೂರುವ ಅದರ ಚಪ್ಪಟೆ ಮುಖ. ನಟ್ ಜಾಸ್ತಿ ಬಿಗಿ ಮಾಡಿ ಮಾಡಿ ಅದು ಬಾಗಿರುತ್ತದೆ. ದಪ್ಪ ಗಾಜಿನ ಮೇಲೆ ಎಮೆರಿ ಹಾಳೆ ಹಾಸಿ ಫ್ಲ್ಯಾಂಜನ್ನು ನಾಲ್ಕು ಸಲ ಉಜ್ಜಿ. ಎರಡು ತುದಿ ಮಾತ್ರ ಹೊಳೆದು ಮಧ್ಯ ಮಸುಕಾಗಿ ಉಳಿದರೆ ಅಲ್ಲಿಂದ ಗಾಳಿ ಎಳೆಯುತ್ತಿತ್ತು ಅಂತಲೇ ಅರ್ಥ. ಎಲ್ಲ ಕಡೆ ಸಮನಾಗಿ ಹೊಳೆಯುವವರೆಗೆ ಉಜ್ಜಿ, ಹೊಸ ಗ್ಯಾಸ್ಕೆಟ್ ಹಾಕಿ.

ಪೆಟ್ರೋಲಿಗೆ ಆಯಿಲ್ ಬೆರೆಸುವ ಲೆಕ್ಕ: 1:25 ಅಂದರೆ ಲೀಟರಿಗೆ 40 ಮಿ.ಲೀ. ಹಳೆ ಕಾಲದ ಆಯಿಲಿಗೆ ಇದು ವಾಡಿಕೆ. ಈಗಿನ ಒಳ್ಳೆಯ ಟು ಟಿ ಆಯಿಲಿಗೆ ಲೀಟರಿಗೆ 30 ಮಿ.ಲೀ. ಸಾಕು. ಹೊಸ ಪಿಸ್ಟನ್ ಹಾಕಿದ ಮೊದಲ ದಿನಗಳಲ್ಲಿ ಮಾತ್ರ 40ಕ್ಕೆ ಹೋಗಿ. ಬೇರೆ ಡಬ್ಬಿಯಲ್ಲಿ ಬೆರೆಸಿ ಅಲ್ಲಾಡಿಸಿ ಆಮೇಲೆ ಹಾಕಿ.

ಮೊದಲ ಸ್ಟಾರ್ಟ್

ಹೊಸ ಪ್ಲಗ್ ಹಾಕಿ. ಕ್ಲಚ್ ಮತ್ತು ಗೇರ್‌ಬಾಕ್ಸಿಗೆ ಒಂದೇ ಆಯಿಲ್, ಅದರ ಮಟ್ಟ ನೋಡಿ. ಹಳೆಯದು ನೀರು ಸೇರಿ ಬೆಳ್ಳಗಾಗಿದ್ದರೆ ಬಸಿದು ಹೊಸದು ಹಾಕಿ. ಗಾಡಿಯನ್ನು ಬಾಗಿಲಾಚೆ ತಂದು ನಿಲ್ಲಿಸಿ. ಹಳೆ ಜಿಕೋವ್ ಕಾರ್ಬೊರೇಟರ್ ಇದ್ದರೆ ಟಿಕ್ಲರ್ ಪಿನ್ ಒತ್ತಿ ಪೆಟ್ರೋಲ್ ಒಸರುವವರೆಗೆ ಬಿಡಿ, ಚೋಕ್ ಇದ್ದರೆ ಹಾಕಿ. ಥ್ರಾಟಲ್ ಹೆಚ್ಚು ಕೊಡದೆ ಕಿಕ್ ಹೊಡೆಯಿರಿ.

ಹೊತ್ತಿಕೊಂಡರೆ ಹೊಗೆ ಬರುತ್ತದೆ, ತುಂಬಾ ಬರುತ್ತದೆ. ಸಿಲಿಂಡರಿಗೆ ಹಾಕಿದ ಎಣ್ಣೆ, ಸೈಲೆನ್ಸರಿನ ಹಳೆ ಜಿಡ್ಡು ಎಲ್ಲ ಸುಡಬೇಕು. ಹತ್ತು ನಿಮಿಷ ಕಾಯಿರಿ. ಈಗ ಗಮನಿಸುವ ಹೊತ್ತು.

ಹೊಗೆ ಕಡಿಮೆಯಾಗದೆ ದಟ್ಟ ಬಿಳಿ ನೀಲಿಯಾಗಿ ಬರುತ್ತಲೇ ಇದ್ದು, ಗೇರ್‌ಬಾಕ್ಸ್ ಆಯಿಲ್ ಮಟ್ಟ ಇಳಿಯುತ್ತಿದ್ದರೆ ಎಡಗಡೆಯ ಕ್ರ್ಯಾಂಕ್ ಸೀಲ್ ಹೋಗಿದೆ. ಎಂಜಿನ್ ಗೇರ್ ಆಯಿಲನ್ನೇ ಕುಡಿಯುತ್ತಿದೆ. ಥ್ರಾಟಲ್ ಬಿಟ್ಟರೂ ಆರ್‌ಪಿಎಂ ಇಳಿಯದೆ ಮೇಲೇ ತೂಗಾಡುತ್ತಿದ್ದರೆ ಎಲ್ಲಿಂದಲೋ ಗಾಳಿ ಎಳೆಯುತ್ತಿದೆ. ಕಾರ್ಬೊರೇಟರ್ ಫ್ಲ್ಯಾಂಜ್ ಸರಿಯಿದ್ದರೆ ಮುಂದಿನ ಅನುಮಾನ ಬಲಗಡೆ, ಡೈನಮೊ ಪಕ್ಕದ ಸೀಲ್ ಮೇಲೆ. ಇದು ಅಪಾಯದ ಲಕ್ಷಣ. ಗಾಳಿ ಜಾಸ್ತಿ ಅಂದರೆ ಪೆಟ್ರೋಲ್ ಕಡಿಮೆ, ಅದರ ಜೊತೆ ಬರುವ ಆಯಿಲೂ ಕಡಿಮೆ. ಸೀಜ್ ಆಗಲು (ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳಲು) ಇನ್ನೇನು ಬೇಕು? ತಕ್ಷಣ ಆಫ್ ಮಾಡಿ.

ಕೆಳಗಿನಿಂದ ಗಡಗಡ ಸದ್ದು ಬಂದರೆ ಬಿಗ್ ಎಂಡ್ (ಕನೆಕ್ಟಿಂಗ್ ರಾಡಿನ ಕೆಳತುದಿಯ ಬೇರಿಂಗ್) ಅಥವಾ ಕ್ರ್ಯಾಂಕ್ ಹೊರುವ ಮೇನ್ ಬೇರಿಂಗ್ ಹೋಗಿದೆ. ಮೇಲಿನಿಂದ ಟಕಟಕ ಸದ್ದು ಬಂದು ಬಿಸಿಯಾದ ಮೇಲೆ ಕಡಿಮೆಯಾದರೆ ಪಿಸ್ಟನ್ ಸಡಿಲ. ಎಂಜಿನ್ ಚೆನ್ನಾಗಿ ಓಡುತ್ತಿದೆ, ಆದರೆ ಎಷ್ಟು ಥ್ರಾಟಲ್ ಕೊಟ್ಟರೂ ಉಸಿರು ಕಟ್ಟಿದ ಹಾಗೆ ಮೇಲೇರುತ್ತಿಲ್ಲ ಅಂದರೆ ಬೋರಿಂಗ್ ಮಾತು ಬಿಡಿ, ಮೊದಲು ಸೈಲೆನ್ಸರಿನ ಬ್ಯಾಫಲ್ (ಒಳಗಿನ ತೂತುಗಳ ಕೊಳವೆ) ತೆಗೆದು ನೋಡಿ. ಮಸಿ ಕಟ್ಟಿ ತೂತುಗಳೇ ಮುಚ್ಚಿರುತ್ತವೆ. ಎಕ್ಸಾಸ್ಟ್ ಪೋರ್ಟಿನಲ್ಲೂ (ಸಿಲಿಂಡರಿನಿಂದ ಹೊಗೆ ಹೊರಹೋಗುವ ಕಿಂಡಿ) ಅದೇ ಮಸಿ. ಪಿಸ್ಟನ್ನನ್ನು ಕೆಳಗೆ ತಂದು, ಮರದ ಚೂಪು ಕಡ್ಡಿಯಿಂದ ಕೆರೆದು ತೆಗೆಯಿರಿ.

ಇಷ್ಟೆಲ್ಲ ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಇದೇ ನಿಮ್ಮ ಕೆಲಸದ ಪಟ್ಟಿ. ಎಂಜಿನ್ ಬಿಚ್ಚಬೇಕೋ ಬೇಡವೋ ಅನ್ನುವುದು ಈಗ ಊಹೆಯ ಮಾತಲ್ಲ.

ಕ್ಲಚ್

ನಿಂತ ಗಾಡಿಯಲ್ಲಿ ಕ್ಲಚ್ ಪ್ಲೇಟ್‌ಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಎಂಜಿನ್ ಆಫ್ ಇರುವಾಗ ಟಾಪ್ ಗೇರಿಗೆ ಹಾಕಿ, ಕ್ಲಚ್ ಹಿಡಿದು ಗಾಡಿಯನ್ನು ಹಿಂದೆ ಮುಂದೆ ತಳ್ಳಿ, ಸಾಮಾನ್ಯವಾಗಿ ಬಿಡುತ್ತದೆ. ಈ ಗಾಡಿಯಲ್ಲಿ ಗೇರ್ ಲಿವರ್ ಒತ್ತಿದರೂ ಕ್ಲಚ್ ತಾನಾಗೇ ಬಿಡುವ ವ್ಯವಸ್ಥೆ ಇದೆ. ಅದರ ಅಡ್ಜಸ್ಟ್‌ಮೆಂಟ್ ಮತ್ತು ಕೇಬಲ್ ಅಡ್ಜಸ್ಟ್‌ಮೆಂಟ್ ಒಂದಕ್ಕೊಂದು ಕಟ್ಟಿಕೊಂಡಿವೆ. ಮೊದಲು ಕೇಬಲ್ ಪೂರ್ತಿ ಸಡಿಲ ಬಿಟ್ಟು ಒಳಗಿನದನ್ನು ಸರಿಪಡಿಸಿ, ಆಮೇಲೆ ಕೇಬಲ್ ಬಿಗಿ ಮಾಡಿ. ಹ್ಯಾಂಡಲಿನ ಕ್ಲಚ್ ಲಿವರಿನಲ್ಲಿ ಸ್ವಲ್ಪ ಲೂಸ್ ಇರಲೇಬೇಕು. ಇಲ್ಲದಿದ್ದರೆ ಏರಿನಲ್ಲಿ ಕ್ಲಚ್ ಸ್ಲಿಪ್ ಆಗುತ್ತದೆ.

ಎಂಜಿನ್ ಬಿಚ್ಚಲೇಬೇಕಾದರೆ

ಸಿಲಿಂಡರ್ ಮೇಲೆತ್ತಿದ ತಕ್ಷಣ ಕ್ರ್ಯಾಂಕ್‌ಕೇಸ್ ಬಾಯಿಗೆ ಸ್ವಚ್ಛ ಬಟ್ಟೆ ತುರುಕಿ. ಪಿಸ್ಟನ್ ಪಿನ್ನಿನ ಸರ್ಕ್ಲಿಪ್ (ಪಿನ್ ಜಾರದಂತೆ ಹಿಡಿಯುವ ತಂತಿ ಉಂಗುರ) ಚಿಮ್ಮಿ ಒಳಗೆ ಬಿದ್ದರೆ ಅರ್ಧ ದಿನದ ಕೆಲಸ ಮೂರು ದಿನದ್ದಾಗುತ್ತದೆ. ಕನೆಕ್ಟಿಂಗ್ ರಾಡನ್ನು ಮೇಲಕ್ಕೆ ಕೆಳಕ್ಕೆ ಎಳೆದು ನೋಡಿ. ಆಚೀಚೆ ಸ್ವಲ್ಪ ಆಡುವುದು ಸಹಜ. ಮೇಲೆ ಕೆಳಗೆ ಚೂರೂ ಆಡಬಾರದು. ಆಡಿದರೆ ಬಿಗ್ ಎಂಡ್ ಹೋಗಿದೆ.

ಬೋರಿಂಗಿಗೆ ಕೊಡುವ ಮೊದಲು ಪಿಸ್ಟನ್ ಕೊಂಡು ತನ್ನಿ. ಸ್ಟ್ಯಾಂಡರ್ಡ್ ಬೋರ್ 65 ಮಿ.ಮೀ. ಅದರ ಮೇಲೆ ಕಾಲು ಕಾಲು ಮಿಲಿಮೀಟರ್ ಓವರ್‌ಸೈಜ್ ಪಿಸ್ಟನ್‌ಗಳು ಬರುತ್ತವೆ. ಡಬ್ಬಿಯ ಮೇಲೆ ಬರೆದ ಅಳತೆಗೂ ಒಳಗಿನ ಪಿಸ್ಟನ್ನಿಗೂ ವ್ಯತ್ಯಾಸ ಇರಬಹುದು. ಹಾಗಾಗಿ ಲೇತ್‌ನವರು ಕೈಯಲ್ಲಿರುವ ಪಿಸ್ಟನ್ ಅಳೆದೇ ಬೋರ್ ಮಾಡಬೇಕು. ಕೆಲಸ ಮುಗಿದ ಮೇಲೆ ಪೋರ್ಟ್‌ಗಳ ಅಂಚಿನ ಮೇಲೆ ಬೆರಳಾಡಿಸಿ. ಬ್ಲೇಡಿನಷ್ಟು ಚೂಪಾಗಿದ್ದರೆ ರಿಂಗ್ ಅಲ್ಲಿ ಸಿಕ್ಕಿ ಮುರಿಯುತ್ತದೆ. ಅಂಚನ್ನು ಸಣ್ಣಗೆ ಮೊಂಡು ಮಾಡಿಸಿಕೊಳ್ಳಿ. ನಾಲ್ಕು ಸ್ಟ್ರೋಕಿನ ಕೆಲಸವನ್ನೇ ಹೆಚ್ಚು ಮಾಡುವವರಿಗೆ ಇದು ನೆನಪಿರುವುದಿಲ್ಲ, ನೀವೇ ಹೇಳಬೇಕು. ಪಿಸ್ಟನ್ ಹಾಕುವಾಗ ಮೇಲಿನ ಬಾಣ ಎಕ್ಸಾಸ್ಟ್ ಕಡೆಗೆ, ರಿಂಗಿನ ಬಾಯಿ ಗ್ರೂವಿನ ಸಣ್ಣ ಪಿನ್ನಿಗೆ ಸರಿಯಾಗಿ ಕೂರಬೇಕು. ಸರ್ಕ್ಲಿಪ್ ಪ್ರತಿ ಸಲ ಹೊಸದು.

ಕ್ರ್ಯಾಂಕ್ ಮಾತ್ರ ಮನೆಯಲ್ಲಿ ಬಿಚ್ಚಬೇಡಿ. ಅದು ಪ್ರೆಸ್ಸಿನಲ್ಲಿ ಜೋಡಿಸಿದ ಕ್ರ್ಯಾಂಕ್. ರಾಡ್ ಕಿಟ್ ಹಾಕಿದ ಮೇಲೆ ಎರಡೂ ಕಡೆಯ ಶಾಫ್ಟ್ ಒಂದೇ ಗೆರೆಯಲ್ಲಿ ತಿರುಗುವ ಹಾಗೆ ಟ್ರೂ ಮಾಡಬೇಕು. ಅದಕ್ಕೆ ಒಳ್ಳೆಯ ಯಂತ್ರವೂ ಅಭ್ಯಾಸವಾದ ಕೈಯೂ ಬೇಕು. ಮೈಸೂರಿನಲ್ಲಿ ಇಂದಿಗೂ ಯೆಜ್ಡಿ ಕ್ರ್ಯಾಂಕ್ ಕೆಲಸ ಬಲ್ಲ ಹಿರಿಯರಿದ್ದಾರೆ. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ವಿಚಾರಿಸಬಹುದು.

ಬೇರಿಂಗ್ ಕೂರಿಸಲು ಸುತ್ತಿಗೆ ಬೇಡ. ಅಲ್ಯೂಮಿನಿಯಂ ಕೇಸನ್ನು 100 ಡಿಗ್ರಿವರೆಗೆ ಎಲ್ಲ ಕಡೆ ಸಮನಾಗಿ ಬಿಸಿ ಮಾಡಿ, ಬೇರಿಂಗನ್ನು ಫ್ರೀಜರಿನಲ್ಲಿಡಿ. ನೀರಿನ ಹನಿ ಕೇಸಿನ ಮೇಲೆ ಚುರ್ ಅಂದರೆ ಹದ ಬಂದಿದೆ. ಆಗ ಬೇರಿಂಗ್ ತಾನಾಗೇ ಕೂರುತ್ತದೆ. ಜೋಡಿಸಿದ ಮೇಲೆ ಇನ್ನೊಂದು ಪರೀಕ್ಷೆ ಮಾಡಿದರೆ ಮನಸ್ಸಿಗೆ ನೆಮ್ಮದಿ. ಇನ್‌ಟೇಕ್ ಮತ್ತು ಎಕ್ಸಾಸ್ಟ್ ಪೋರ್ಟ್‌ಗಳಿಗೆ ರಬ್ಬರ್ ಹಾಳೆ ಕೊಟ್ಟು ಮುಚ್ಚಿ, ಪ್ಲಗ್ ತೂತಿನಿಂದ ಸೈಕಲ್ ಪಂಪಿನಲ್ಲಿ 6 ಪಿಎಸ್‌ಐ ಗಾಳಿ ತುಂಬಿ. ಕೆಲವು ನಿಮಿಷ ಮುಳ್ಳು ಇಳಿಯದೆ ನಿಲ್ಲಬೇಕು. ಇಳಿದರೆ ಜಾಯಿಂಟ್‌ಗಳಿಗೆ ಸೋಪು ನೀರು ಹಚ್ಚಿ, ಗುಳ್ಳೆ ಎಲ್ಲಿ ಅಂತ ನೋಡಿ. ಹೆಚ್ಚು ಗಾಳಿ ತುಂಬಬೇಡಿ, ಸೀಲ್ ಹೊರಗೆ ಬರುತ್ತದೆ.

ವೈರಿಂಗ್

6 ವೋಲ್ಟ್ ಅಂದರೆ ಮಂಕು ದೀಪ ಅಂತ ಎಲ್ಲರೂ ಬೈಯುತ್ತಾರೆ. ಪೂರ್ತಿ ತಪ್ಪು 6 ವೋಲ್ಟಿನದ್ದಲ್ಲ. 35 ವ್ಯಾಟ್ ಬಲ್ಬಿಗೆ 12 ವೋಲ್ಟಿನಲ್ಲಿ ಸುಮಾರು 3 ಆಂಪಿಯರ್ ಸಾಕು, 6 ವೋಲ್ಟಿನಲ್ಲಿ ಸುಮಾರು 6 ಬೇಕು. ಅಷ್ಟು ಕರೆಂಟು ತುಕ್ಕು ಹಿಡಿದ ಜಾಯಿಂಟ್ ದಾಟುವಾಗ ಅರ್ಧ ವೋಲ್ಟ್ ಹೋದರೂ ದೊಡ್ಡ ನಷ್ಟ. ಹಾಗಾಗಿ ದಪ್ಪ ವೈರ್ ಹಾಕಿ. ಅರ್ಥ್ ಜಾಗದಲ್ಲಿ ಬಣ್ಣ ಕೆರೆದು ಲೋಹ ಕಾಣಿಸಿ. ಹೆಡ್‌ಲೈಟಿಗೆ ಪ್ರತ್ಯೇಕ ಅರ್ಥ್ ವೈರ್ ಎಳೆಯಿರಿ. ಇಷ್ಟು ಮಾಡಿ ನೋಡಿ, ಆಮೇಲೆ 12 ವೋಲ್ಟ್ ಕಿಟ್ ವಿಚಾರ. ಎಂಜಿನ್ ಸ್ವಲ್ಪ ಜೋರಾಗಿ ಓಡುವಾಗ ಬ್ಯಾಟರಿ ಮೇಲೆ 7 ವೋಲ್ಟ್ ಆಸುಪಾಸು ಇದ್ದರೆ ಡೈನಮೊ, ರೆಗ್ಯುಲೇಟರ್ ಎರಡೂ ಕೆಲಸ ಮಾಡುತ್ತಿವೆ. ಬ್ಯಾಟರಿ ಪಕ್ಕ ಒಂದು ಫ್ಯೂಸ್ ಇರಲೇಬೇಕು.

ಬ್ರೇಕ್, ಟೈರ್, ಟ್ಯಾಂಕ್

ಓಡುತ್ತದೆ ಅಂತ ಖುಷಿಯಲ್ಲಿ ರಸ್ತೆಗಿಳಿಯಬೇಡಿ. ಬ್ರೇಕ್ ಡ್ರಮ್ ತೆರೆದಾಗ ಧೂಳನ್ನು ಬಾಯಲ್ಲಿ ಊದಬೇಡಿ, ಹಳೆ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯಿರಿ. ಟೈರಿನ ಗೀರುಗಳು ಆಳವಾಗಿದ್ದರೂ ಅದರ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿ ನೋಡಿ. 3218 ಅಂದರೆ 2018ರ 32ನೇ ವಾರ. ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಟೈರು, ಟ್ಯೂಬು ಎರಡೂ ಬದಲಿಸಿ. ಕೇಬಲ್‌ಗಳನ್ನೂ ಹೊಸದು ಹಾಕಿ, ಅದರಲ್ಲಿ ಉಳಿಸುವ ದುಡ್ಡು ದುಡ್ಡಲ್ಲ.

ಟ್ಯಾಂಕಿನ ತುಕ್ಕಿಗೆ ವಿನೆಗರ್ ತುಂಬಿ ಒಂದೆರಡು ದಿನ ಬಿಟ್ಟು, ಸಣ್ಣ ನಟ್‌ಗಳನ್ನು ಹಾಕಿ ಅಲ್ಲಾಡಿಸಿ, ಅಡುಗೆ ಸೋಡಾ ನೀರಿನಲ್ಲಿ ತೊಳೆದು ತಕ್ಷಣ ಒಣಗಿಸಿ. ಎಷ್ಟು ನಟ್ ಹಾಕಿದಿರೋ ಅಷ್ಟೂ ಹೊರಗೆ ಬಂದವಾ ಎಣಿಸಿ. ಪೆಟ್ರೋಲ್ ಇದ್ದ ಟ್ಯಾಂಕನ್ನು ಎಂದಿಗೂ ಹಾಗೇ ವೆಲ್ಡಿಂಗಿಗೆ ಕೊಡಬೇಡಿ, ಖಾಲಿ ಟ್ಯಾಂಕಿನ ಆವಿಯೇ ಸಿಡಿಯುತ್ತದೆ. ಈಗಿನ ಪೆಟ್ರೋಲಿನಲ್ಲಿ 20 ಪರ್ಸೆಂಟ್‌ವರೆಗೂ ಎಥನಾಲ್ ಇರುತ್ತದೆ. ಅದು ನೀರು ಹೀರುತ್ತದೆ, ಹಳೆ ರಬ್ಬರ್ ಪೈಪ್ ಮೆತ್ತಗೆ ಮಾಡುತ್ತದೆ. ಎಥನಾಲ್ ತಡೆಯುವ ಪೈಪ್ ಹಾಕಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬೊರೇಟರ್ ಬಸಿದುಬಿಡಿ.

ಈಗ ಬಣ್ಣ

ಗಾಡಿ ಕೆಲವು ವಾರ ಓಡಿ, ಲೀಕ್ ಎಲ್ಲ ನಿಂತ ಮೇಲೆ ಬಿಚ್ಚಿ ಪೇಂಟಿಗೆ ಕೊಡಿ. ಅಷ್ಟು ಹೊತ್ತಿಗೆ ಯಾವ ಬೋಲ್ಟ್ ಎಲ್ಲಿಯದು ಅಂತ ನಿಮಗೆ ಬಾಯಿಪಾಠ ಆಗಿರುತ್ತದೆ. ಹಳೆ ಕ್ರೋಮ್ ಹಾಳಾಗಿಲ್ಲದಿದ್ದರೆ ಹಾಗೇ ಬಿಡಿ. ನಯವಾದ ಪಾಲಿಶ್ ಸಾಕು. ಅದರ ಮೇಲಿನ ಸಣ್ಣ ಚುಕ್ಕೆಗಳು ನನ್ನ ಕಣ್ಣಿಗಂತೂ ಹೊಸ ಪ್ಲೇಟಿಂಗಿಗಿಂತ ಚೆಂದ. ಫ್ರೇಮಿಗೆ ಪೌಡರ್ ಕೋಟಿಂಗ್ ಮಾಡಿಸುವುದಾದರೆ ಥ್ರೆಡ್‌ಗಳನ್ನು, ಬೇರಿಂಗ್ ಕೂರುವ ಜಾಗಗಳನ್ನು, ಚಾಸಿ ನಂಬರನ್ನು ಮುಚ್ಚಿಸಿ. ಬಣ್ಣ ಆರ್‌ಸಿಯಲ್ಲಿ ಇರುವುದಕ್ಕಿಂತ ಬೇರೆಯಾದರೆ ಆರ್‌ಟಿಒನಲ್ಲಿ ಬದಲಾಯಿಸಿಕೊಳ್ಳಬೇಕು.

ರಸ್ತೆಯಲ್ಲಿ ನಿಂತರೆ

ತಣ್ಣಗಿದ್ದಾಗ ಚೆನ್ನಾಗಿ ಸ್ಟಾರ್ಟ್ ಆಗಿ, ಅರ್ಧ ಗಂಟೆ ಓಡಿ ಬಿಸಿಯಾದ ಮೇಲೆ ಆಫ್ ಆಗಿ, ತಣ್ಣಗಾದ ಮೇಲೆ ಮತ್ತೆ ಸ್ಟಾರ್ಟ್ ಆದರೆ ಕಂಡೆನ್ಸರ್ ಅಥವಾ ಕಾಯಿಲ್. ನಿಂತ ಕೂಡಲೇ, ಬಿಸಿ ಇರುವಾಗಲೇ ಕಿಡಿ ನೋಡಿ. ಮನೆಗೆ ತಂದ ಮೇಲೆ ನೋಡಿದರೆ ಎಲ್ಲ ಸರಿಯಾಗೇ ಕಾಣುತ್ತದೆ. ಕಿಡಿ ಇದ್ದೂ ನಿಂತರೆ ಟ್ಯಾಂಕಿನ ಮುಚ್ಚಳ ತೆರೆಯಿರಿ. ಸುಯ್ ಅಂತ ಗಾಳಿ ಒಳಗೆ ಹೋದರೆ ಮುಚ್ಚಳದ ಸಣ್ಣ ತೂತು ಕಟ್ಟಿಕೊಂಡಿದೆ, ಅದಕ್ಕೇ ಪೆಟ್ರೋಲ್ ಇಳಿಯುತ್ತಿಲ್ಲ.

ಪ್ಲಗ್ಗಿನ ಬಣ್ಣವನ್ನು ಓದಲು ಕಲಿಯಿರಿ. ಮಾಮೂಲಿ ವೇಗದಲ್ಲಿ ಓಡಿಸುತ್ತಾ ಇಗ್ನಿಷನ್ ಆಫ್ ಮಾಡಿ, ಕ್ಲಚ್ ಹಿಡಿದು ಪಕ್ಕಕ್ಕೆ ನಿಲ್ಲಿಸಿ ಪ್ಲಗ್ ಬಿಚ್ಚಿ. ಟ್ರಾಫಿಕ್ ಇಲ್ಲದ ರಸ್ತೆಯಲ್ಲಿ ಮಾತ್ರ ಮಾಡಿ. ಕಂದು ಬಣ್ಣ ಇದ್ದರೆ ಸರಿ. ಒಣ ಕಪ್ಪು ಮಸಿ ಅಂದರೆ ಪೆಟ್ರೋಲ್ ಜಾಸ್ತಿ, ಕಾರ್ಬೊರೇಟರ್ ಸೂಜಿಯ ಕ್ಲಿಪ್ ಒಂದು ಮನೆ ಮೇಲಕ್ಕೆ ಹಾಕಿದರೆ ಸೂಜಿ ಇಳಿದು ಪೆಟ್ರೋಲ್ ಕಡಿಮೆಯಾಗುತ್ತದೆ. ಸುಣ್ಣದ ಹಾಗೆ ಬೆಳ್ಳಗಿದ್ದರೆ ಅಲ್ಲಿಂದ ಮುಂದೆ ಓಡಿಸಬೇಡಿ. ಜೆಟ್ ಕಟ್ಟಿದೆಯಾ, ಗಾಳಿ ಎಳೆಯುತ್ತಿದೆಯಾ ನೋಡಿ.

ಹೊಸ ಪಿಸ್ಟನ್ ಹಾಕಿದ ಗಾಡಿಯನ್ನು ಮೊದಲ 500 ಕಿ.ಮೀ. ಒಂದೇ ವೇಗದಲ್ಲಿ ಎಳೆಯಬೇಡಿ, ಏರಿಸಿ ಇಳಿಸಿ ಓಡಿಸಿ. ಇಳಿಜಾರಿನಲ್ಲಿ ಥ್ರಾಟಲ್ ಪೂರ್ತಿ ಮುಚ್ಚಿ ಬಹಳ ದೂರ ಹೋದರೆ ಪೆಟ್ರೋಲಿನ ಜೊತೆ ಆಯಿಲೂ ನಿಂತುಹೋಗುತ್ತದೆ. ನಡುನಡುವೆ ಕ್ಲಚ್ ಹಿಡಿದು ಸ್ವಲ್ಪ ಥ್ರಾಟಲ್ ಕೊಡುತ್ತಾ ಇಳಿಯಿರಿ. ಓಡುವಾಗ ಎಂಜಿನ್ ಸದ್ದು ಬಿಗಿಯಾಗಿ, ಗಾಡಿ ತಾನಾಗೇ ನಿಧಾನವಾದ ಹಾಗೆ ಅನ್ನಿಸಿದರೆ ಅದು ಸೀಜ್ ಆಗುವ ಲಕ್ಷಣ, ಯೋಚಿಸುತ್ತಾ ಕೂರಬೇಡಿ. ತಕ್ಷಣ ಕ್ಲಚ್ ಹಿಡಿಯಿರಿ, ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಮುಟ್ಟುವಷ್ಟು ತಣ್ಣಗಾಗುವವರೆಗೆ ಕಿಕ್ ಮುಟ್ಟಬೇಡಿ. ಆಮೇಲೆ ಪ್ಲಗ್ ಬಿಚ್ಚಿ ಬಣ್ಣ ನೋಡಿ, ಪೆಟ್ರೋಲಿಗೆ ಆಯಿಲ್ ಬೆರೆಸಿದ್ದು ಸರಿಯಿತ್ತಾ ನೆನಪು ಮಾಡಿಕೊಳ್ಳಿ, ತೂತಿಗೆ ಸ್ವಲ್ಪ ಟು ಟಿ ಆಯಿಲ್ ಬಿಟ್ಟು ಕೈಯಲ್ಲೇ ಕಿಕ್ ತಿರುಗಿಸಿ. ನುಣ್ಣಗೆ ತಿರುಗಿದರೆ ಮೆಲ್ಲಗೆ ಮನೆ ಸೇರಿ, ಸಿಲಿಂಡರ್ ಎತ್ತಿ ಪಿಸ್ಟನ್ ಪಕ್ಕದಲ್ಲಿ ಗೀರು ಬಿದ್ದಿದೆಯಾ ಪರೀಕ್ಷಿಸಿ.